ನಮ್ಮ ಮನವಿಪತ್ರದಲ್ಲಿ ಇಲ್ಲದ ಸಾಲು



ಮಾಗನೂರು, ಕೃಷ್ಣಾ, ಮಕ್ತಲ್, ಗದ್ವಾಲ ಸೀಮೆಯ ಕನ್ನಡ ಶಾಲೆಗಳ ಪರವಾಗಿ ನಾವು ಬರೆದ ಮನವಿಪತ್ರಗಳಿಗೆ ಲೆಕ್ಕವಿಲ್ಲ. ನಾರಾಯಣಪೇಟೆಗೆ ಬರೆದೆವು, ಹೈದರಾಬಾದಿಗೆ ಬರೆದೆವು, ಬೆಂಗಳೂರಿಗೂ ಬರೆದೆವು. ಅವುಗಳಲ್ಲಿ ಏನಿರುತ್ತದೆಂಬುದು ನಿಮಗೆ ಕಂಠಪಾಠ. ಕನ್ನಡ ಬಲ್ಲ ಶಿಕ್ಷಕರು ಬೇಕು, ಪಠ್ಯಪುಸ್ತಕಗಳು ಹೊತ್ತಿಗೆ ಸರಿಯಾಗಿ ಬರಬೇಕು, ಮೇಲಿನ ತರಗತಿಗಳು ಕನ್ನಡದಲ್ಲೇ ನಡೆಯಬೇಕು, ಕರ್ನಾಟಕದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಸ್ಥಾನ ದೊರೆಯಬೇಕು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಆದರೆ ಶಾಲೆಯ ಬಾಗಿಲ ಮುಂದಿರುವ ಮೆಟ್ಟಿಲುಗಳ ಕುರಿತು ನಾವು ಎಂದಾದರೂ ಒಂದು ಸಾಲು ಬರೆದದ್ದುಂಟೇ? ನಾನಂತೂ ಬರೆದಿಲ್ಲ. ನಾನು ಕರಡು ತಿದ್ದಿಕೊಟ್ಟ ಮನವಿಗಳಲ್ಲಿ ಒಂದರಲ್ಲಿಯೂ ಆ ಸಾಲಿಲ್ಲ. ಆದ್ದರಿಂದ ಈ ಟಿಪ್ಪಣಿಯ ದೂರು ಸರ್ಕಾರದ ಮೇಲೆ ಎಷ್ಟಿದೆಯೋ ನಮ್ಮ ಮೇಲೆಯೂ ಅಷ್ಟೇ ಇದೆ.

ಕೃಷ್ಣಾ ತೀರದ ಒಂದೂರಿನ ಕನ್ನಡ ಶಾಲೆಗೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಊರಿನ ಹೆಸರು ಬೇಡ. ಎರಡೂ ಕಾಲುಗಳಲ್ಲಿ ಬಲವಿಲ್ಲದ ಬಾಲಕಿಯೊಬ್ಬಳನ್ನು ಅವಳ ಅಣ್ಣ ಬೆನ್ನ ಮೇಲೆ ಹೊತ್ತು ತಂದು ತರಗತಿಯಲ್ಲಿ ಕೂರಿಸುತ್ತಿದ್ದ. ಬೆಳಿಗ್ಗೆ ಹೊತ್ತು ತಂದರೆ ಸಂಜೆ ಹೊತ್ತು ಒಯ್ಯುವವರೆಗೆ ಅವಳು ಅಲ್ಲಿಂದ ಕದಲುತ್ತಿರಲಿಲ್ಲ. ಮಧ್ಯಾಹ್ನದ ಊಟದ ತಟ್ಟೆಯೂ ಅಲ್ಲಿಗೇ ಬರುತ್ತಿತ್ತು. ನೆರೆದಿದ್ದವರೆಲ್ಲ ಅಣ್ಣನ ಪ್ರೀತಿಯನ್ನು ಹೊಗಳಿದರು, ನಾನೂ ಹೊಗಳಿದೆ. ಮತ್ತೊಮ್ಮೆ ಹೋದಾಗ ಬಾಲಕಿ ಇರಲಿಲ್ಲ. ಅಣ್ಣ ಮೇಲಿನ ತರಗತಿಗೆಂದು ಬೇರೆ ಊರಿನ ಶಾಲೆ ಸೇರಿದ್ದ. ಅವಳ ಓದು ಅಣ್ಣನ ಬೆನ್ನಿನ ಮೇಲೆ ನಿಂತಿತ್ತು. ಬೆನ್ನು ಸರಿದಾಗ ಓದೂ ನಿಂತಿತು. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳ ಹೆಸರು ಇನ್ನೂ ಇತ್ತು.

ಇದು ಅಂಗವಿಕಲರ ವಿಷಯ, ಭಾಷೆಯ ವೇದಿಕೆಗೆ ಇದೇಕೆ ಎಂದು ನೀವು ಕೇಳಬಹುದು. ಒಮ್ಮೆ ಯೋಚಿಸಿ. ಈ ಸೀಮೆಯಲ್ಲಿ ತೆಲುಗು ಮನೆಮಾತಿನ ಮಗುವಿಗೆ ಒಂದು ಶಾಲೆಯ ಮೆಟ್ಟಿಲು ಎತ್ತರವಾದರೆ ಮತ್ತೊಂದು ಶಾಲೆಯನ್ನು ಹುಡುಕುವ ಅವಕಾಶವಾದರೂ ಇದೆ. ಮಂಡಲ ಮಟ್ಟದ ಭವಿತ ಕೇಂದ್ರಗಳು ಇವೆ, ಅವು ತೆಲುಗಿನಲ್ಲಿ ನಡೆಯುತ್ತವೆ. ದೂರದ ಪಟ್ಟಣಗಳಲ್ಲಿ ವಿಶೇಷ ಶಾಲೆಗಳಿವೆ, ಅವೂ ತೆಲುಗಿನವು ಇಲ್ಲವೇ ಇಂಗ್ಲಿಷಿನವು. ಕನ್ನಡದ ಮಗುವಿಗೆ ಊರಿನಲ್ಲಿ ಇರುವುದು ಒಂದೇ ಕನ್ನಡ ಶಾಲೆ. ಅದರ ಮೆಟ್ಟಿಲು ಹತ್ತಲಾಗದಿದ್ದರೆ ಆ ಮಗು ಕಳೆದುಕೊಳ್ಳುವುದು ಕಟ್ಟಡವನ್ನಷ್ಟೇ ಅಲ್ಲ, ಕನ್ನಡದ ಓದುಬರಹವನ್ನೇ.

ವಿಚಿತ್ರವೆಂದರೆ ಲಿಪಿಯೇ ಬೇರೆಯಾದ ಕಡೆ ಅಡ್ಡಿ ಇಷ್ಟಿಲ್ಲ. ಭಾರತಿ ಬ್ರೈಲಿನಲ್ಲಿ ಕನ್ನಡದ ‘ಕ’ಕಾರಕ್ಕೂ ತೆಲುಗಿನ ‘ಕ’ಕಾರಕ್ಕೂ ಒಂದೇ ಚುಕ್ಕಿಗಳು. ಬೆರಳ ತುದಿಯಲ್ಲಿ ಎರಡು ಭಾಷೆಗಳು ಸೇರಿಕೊಂಡಿವೆ. ಸಿಮೆಂಟಿನಲ್ಲಿ ಮಾಡಬೇಕಾದ ಕೆಲಸವೇ ಆಗಿಲ್ಲ.

ಕಾನೂನಿಗೆ ಬರೋಣ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂಬ ಸಂವಿಧಾನದ 350ಎ ವಿಧಿಯನ್ನು ನಾವು ಎಲ್ಲ ಮನವಿಗಳ ತಲೆಯ ಮೇಲೆ ಬರೆಯುತ್ತೇವೆ. ಅದು 1956ರಲ್ಲಿ ಸೇರಿದ್ದು. ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲ್ಲೂಕುಗಳನ್ನು ಬೇರ್ಪಡಿಸಿ ಆಂಧ್ರಕ್ಕೆ ಸೇರಿಸಿದ ವರ್ಷವೂ ಅದೇ. ಆ ಗಾಯವನ್ನು ನಾವು ಮರೆತಿಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲಾ ಕಟ್ಟಡಕ್ಕೆ ಅಡೆತಡೆಯಿಲ್ಲದ ಪ್ರವೇಶ ಇರಬೇಕೆಂದು ಬರೆದಿರುವುದನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ಅದೇ ಕಾಯ್ದೆಯಿಂದ ಮಾತೃಭಾಷೆಯ ಮಾತನ್ನು ಮಾತ್ರ ಹೆಕ್ಕಿಕೊಂಡೆವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷಗಳೊಳಗೆ ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರಿಗೂ ಪ್ರವೇಶಯೋಗ್ಯವಾಗಬೇಕು ಎಂದಿದೆ. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಗಡುವು 2022ರ ಜೂನ್‌ನಲ್ಲೇ ಮುಗಿಯಿತು. ರಾಜೀವ್ ರತೂರಿ ಅವರ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಈ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದು ಹೇಳಿ ಕೇಂದ್ರಕ್ಕೆ ಮೂರು ತಿಂಗಳ ಕಾಲಾವಕಾಶ ನೀಡಿತು. ಆ ತೀರ್ಪಿಗೆ ಆಧಾರವಾದ ಅಧ್ಯಯನವನ್ನು ಸಿದ್ಧಪಡಿಸಿದ್ದು ನಮ್ಮದೇ ರಾಜಧಾನಿ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರ.

ರ‍್ಯಾಂಪು ಇದೆಯಲ್ಲ ಎನ್ನುವ ಊರುಗಳೂ ಇವೆ. ದಯವಿಟ್ಟು ಅಳತೆಪಟ್ಟಿ ಹಿಡಿದು ನೋಡಿ. ನಮ್ಮದು ಎರೆಮಣ್ಣಿನ ನೆಲ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಮಣ್ಣಿನಲ್ಲಿ ಕಟ್ಟಡದ ಪಾಯವನ್ನು ಎತ್ತರಿಸುವುದು ವಾಡಿಕೆ. ಜಗುಲಿ ನೆಲದಿಂದ ಎರಡೂವರೆ ಅಡಿ ಮೇಲಿದೆ ಎಂದಿಟ್ಟುಕೊಳ್ಳಿ. ಮಾನದಂಡದ ಪ್ರಕಾರ ಒಂದಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಎಂದರೆ ಎರಡೂವರೆ ಅಡಿಗೆ ಮೂವತ್ತು ಅಡಿ, ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ, ಮೇಲೆ ಕೆಳಗೆ ಗಾಲಿಕುರ್ಚಿ ತಿರುಗುವಷ್ಟು ಸಮತಟ್ಟು ಜಾಗ. ಗುತ್ತಿಗೆದಾರರು ಕಟ್ಟುವುದು ಮೆಟ್ಟಿಲ ಪಕ್ಕದಲ್ಲಿ ಆರಡಿಯ ಸಿಮೆಂಟಿನ ದಿಬ್ಬ. ಅದರ ಮೇಲೆ ಗಾಲಿಕುರ್ಚಿ ಏರದು, ಏರಿಸಿದರೂ ಇಳಿಯುವಾಗ ಮಗುವಿನೊಂದಿಗೆ ಉರುಳುತ್ತದೆ. ಕಂಬಿಯಂತೂ ಇಲ್ಲ. ಮುಖ್ಯೋಪಾಧ್ಯಾಯರ ಮೋಟಾರುಬೈಕನ್ನು ಜಗುಲಿಗೆ ಏರಿಸಲು ಮಾತ್ರ ಅದು ಚೆನ್ನಾಗಿ ಒದಗುತ್ತದೆ! ವರ್ಷಕ್ಕೊಮ್ಮೆ ತುಂಬುವ ಯುಡೈಸ್ ನಮೂನೆಯಲ್ಲಿ ಈ ದಿಬ್ಬಕ್ಕೆ ‘ಇದೆ’ ಎಂದು ಗುರುತು ಬೀಳುತ್ತದೆ. ಒಮ್ಮೆ ‘ಇದೆ’ ಎಂದಾದ ಮೇಲೆ ಅದನ್ನು ಕೇಳುವವರು ಯಾರು?

ಶೌಚಾಲಯದ ಮಾತನ್ನು ಆಡಲು ನಾವು ನಾಚುತ್ತೇವೆ, ಆಡಲೇಬೇಕು. ಅಂಗಳದ ಇನ್ನೊಂದು ತುದಿಯಲ್ಲಿ, ಮಳೆಗಾಲದಲ್ಲಿ ಮೊಣಕಾಲು ಹುದುಗುವ ಕೆಸರಿನಾಚೆ, ಮತ್ತೆರಡು ಮೆಟ್ಟಿಲುಗಳ ಮೇಲೆ, ಗಾಲಿಕುರ್ಚಿ ತೂರದಷ್ಟು ಇಕ್ಕಟ್ಟಾದ ಬಾಗಿಲು. ಒಳಗೆ ಕುಕ್ಕರಗಾಲಿನಲ್ಲಿ ಕೂರುವ ಬೇಸಿನ್. ಕಾಲು ಮಡಚಲಾಗದ ಮಗು ಅಲ್ಲಿ ಏನು ಮಾಡಬೇಕು? ಮಾಡುವುದು ಇಷ್ಟೇ: ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಆ ಬಾಲಕಿ ಊಟದ ಹೊತ್ತಿನಲ್ಲಿಯೂ ನೀರಿನ ಲೋಟವನ್ನು ಮುಟ್ಟುತ್ತಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ಅರ್ಥವಾಯಿತು. ಹುಡುಗಿ ಹನ್ನೆರಡು ದಾಟಿ ಮುಟ್ಟಾಗತೊಡಗಿದ ಮೇಲೆ ಅಣ್ಣನ ಬೆನ್ನೂ ಪ್ರಯೋಜನಕ್ಕೆ ಬಾರದು. ಆಗ ತಾಯಿ ‘ಸಾಕು ಬಿಡವ್ವ’ ಎನ್ನುತ್ತಾಳೆ. ಆ ತಾಯಿಯನ್ನು ದೂರುವ ಮುಖ ನಮಗಿಲ್ಲ.

ತೆಲಂಗಾಣ ಸರ್ಕಾರ 2022ರ ಮಾರ್ಚಿನಲ್ಲಿ ‘ಮನ ಊರು ಮನ ಬಡಿ’ ಎಂಬ ಯೋಜನೆಯನ್ನು 7,289 ಕೋಟಿ ರೂಪಾಯಿಯ ಅಂದಾಜಿನೊಂದಿಗೆ ಆರಂಭಿಸಿತು. ಹನ್ನೆರಡು ಅಂಶಗಳು: ನೀರಿರುವ ಶೌಚಾಲಯ, ವಿದ್ಯುತ್ತು, ಕುಡಿಯುವ ನೀರು, ಪೀಠೋಪಕರಣ, ಬಣ್ಣ, ದುರಸ್ತಿ, ಹಸಿರು ಹಲಗೆ, ಆವರಣ ಗೋಡೆ, ಅಡುಗೆಮನೆ, ಹೊಸ ಕೊಠಡಿ, ಪ್ರೌಢಶಾಲೆಗೆ ಊಟದ ಸಭಾಂಗಣ, ಡಿಜಿಟಲ್ ಸೌಕರ್ಯ. ಗೋಡೆಯ ಬಣ್ಣಕ್ಕೆ ಆ ಪಟ್ಟಿಯಲ್ಲಿ ಸ್ವಂತ ಸ್ಥಾನವಿದೆ, ರ‍್ಯಾಂಪಿಗೆ ಇಲ್ಲ. ದುರಸ್ತಿಯೊಳಗೆ ಅದೂ ಸೇರಿತ್ತು ಎಂದು ಯಾರಾದರೂ ವಾದಿಸಬಹುದು. ಸೇರಿಸಬೇಕಾದರೆ ಕೇಳುವವರು ಇರಬೇಕಿತ್ತು, ನಾವು ಕೇಳಲಿಲ್ಲ. ಸರ್ಕಾರ ಬದಲಾಯಿತು, ಯೋಜನೆಯ ಹೆಸರು ಬದಲಾಯಿತು, ಮೆಟ್ಟಿಲು ಅಲ್ಲೇ ಇದೆ. ಅಂದಹಾಗೆ, ‘ವಿಶೇಷಚೇತನರು’ ಎಂದು ಕರೆಯುವ ಸೌಜನ್ಯ ಮಾತ್ರ ಈ ನಡುವೆ ನಮ್ಮೆಲ್ಲರಿಗೂ ಬಂದಿದೆ.

ಚುನಾವಣೆ ಬಂದಾಗ ನೋಡಿ. ಮತಗಟ್ಟೆಯಾಗುವುದು ಅದೇ ಶಾಲೆ. ಮತಗಟ್ಟೆಯಲ್ಲಿ ಇರಲೇಬೇಕಾದ ಕನಿಷ್ಠ ಸೌಕರ್ಯಗಳ ಪಟ್ಟಿಯಲ್ಲಿ ಚುನಾವಣಾ ಆಯೋಗ ರ‍್ಯಾಂಪನ್ನು ಸೇರಿಸಿದೆ. ಹಲಗೆಯದೋ ಮಣ್ಣಿನದೋ ಒಂದು ಇಳಿಜಾರು ರಾತ್ರೋರಾತ್ರಿ ಸಿದ್ಧವಾಗುತ್ತದೆ, ಗಾಲಿಕುರ್ಚಿಯೂ ಬರುತ್ತದೆ. ಎಂಬತ್ತರ ಅಜ್ಜಿ ಮತ ಹಾಕುವ ಚಿತ್ರ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಅಜ್ಜಿಗೆ ಸಿಕ್ಕದ್ದಕ್ಕೆ ಸಂತೋಷವೇ. ಒಂದು ದಿನಕ್ಕೆ ಸಾಧ್ಯವಾದದ್ದು ಆರು ವರ್ಷದ ಮಗುವಿಗೆ ವರ್ಷವಿಡೀ ಏಕೆ ಸಾಧ್ಯವಿಲ್ಲ?

ಈಗ ನಮ್ಮವರ ಆಕ್ಷೇಪಗಳು. ‘ನಮ್ಮ ಶಾಲೆಯಲ್ಲಿ ಅಂತಹ ಮಕ್ಕಳೇ ಇಲ್ಲ’ ಎನ್ನುತ್ತಾರೆ. ಬರಲಾಗದ ಕಡೆ ಇರುವುದಾದರೂ ಹೇಗೆ? 2024ರ ನವೆಂಬರಿನಲ್ಲಿ ಮಾಗನೂರಿನ ಪ್ರೌಢಶಾಲೆಯ ಮಕ್ಕಳು ಮಧ್ಯಾಹ್ನದ ಊಟ ಮಾಡಿ ಅಸ್ವಸ್ಥರಾದಾಗ ಅಧಿಕಾರಿಗಳು ಓಡಿಬಂದರು, ಹೈಕೋರ್ಟು ಪ್ರಶ್ನಿಸಿತು. ಹಾಗೆ ಆಗಲೇಬೇಕಿತ್ತು. ಮೆಟ್ಟಿಲಿನಿಂದ ಶಾಲೆ ಬಿಟ್ಟ ಮಗು ಯಾವ ಆಸ್ಪತ್ರೆಗೂ ದಾಖಲಾಗುವುದಿಲ್ಲ, ಆದ್ದರಿಂದ ಯಾರೂ ಓಡಿಬರುವುದಿಲ್ಲ.

ಎರಡನೆಯ ಆಕ್ಷೇಪವನ್ನು ಪಿಸುದನಿಯಲ್ಲಿ ಹೇಳುತ್ತಾರೆ: ಕಟ್ಟಡ ಸರಿಯಿಲ್ಲವೆಂದು ನಾವೇ ದೂರು ಕೊಟ್ಟರೆ ಇದೇ ನೆಪದಲ್ಲಿ ಕನ್ನಡ ಶಾಲೆಯನ್ನು ಮುಚ್ಚಿ ತೆಲುಗು ಶಾಲೆಯೊಂದಿಗೆ ವಿಲೀನ ಮಾಡಿಯಾರು. ಈ ಭಯವನ್ನು ನಾನು ಹಗುರಾಗಿ ಕಾಣಲಾರೆ, ಅದಕ್ಕೆ ಕಾರಣಗಳಿವೆ. ಆದರೆ ಲೆಕ್ಕ ಹಾಕಿ ನೋಡಿ. ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ಕೊಡಬೇಕೆಂಬುದು 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಸೂತ್ರ. ಇಂದಿಗೂ ನಮ್ಮ ವಾದ ಆ ಸಂಖ್ಯೆಗಳ ಸುತ್ತಲೇ ತಿರುಗುತ್ತದೆ. ಒಂಬತ್ತು ಮಕ್ಕಳಿರುವ ತರಗತಿಯ ಹತ್ತನೆಯ ಮಗು ಮನೆಯ ಕಟ್ಟೆಯ ಮೇಲೆ ಕುಳಿತಿದ್ದರೆ ಶಾಲೆಯನ್ನು ಉಳಿಸುವುದು ಮೌನವೋ, ಆ ಮಗುವೋ?

ಇನ್ನು ‘ಒಂದಿಬ್ಬರಿಗಾಗಿ ಇಷ್ಟು ಖರ್ಚೇ’ ಎಂಬ ಮಾತು. ಈ ಮಾತನ್ನು ನಾವು ಬಲ್ಲೆವು. ಕನ್ನಡ ಶಿಕ್ಷಕರನ್ನು ಕೇಳಲು ಹೋದಾಗಲೆಲ್ಲ ಕಚೇರಿಯ ಮೇಜಿನಾಚೆಯಿಂದ ನಮಗೆ ಬಂದ ಉತ್ತರ ಇದೇ. ಅದನ್ನು ಕೇಳಿ ನೊಂದವರ ಬಾಯಿಂದಲೇ ಅದು ಹೊರಡಬಾರದು.

ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಕನ್ನಡ ಸಂಸ್ಥೆಗಳಿಗೆ ಅನುದಾನ ನೀಡುತ್ತದೆ. ಕೊಠಡಿಗಾಗಲಿ ಭವನಕ್ಕಾಗಲಿ ಹಣ ಬೇಡುವಾಗ ನಕ್ಷೆಯಲ್ಲಿ ಇಳಿಜಾರು ಮತ್ತು ಅಗಲವಾದ ಬಾಗಿಲಿನ ಶೌಚಾಲಯವನ್ನು ನಾವೇ ಸೇರಿಸಿ ಕಳುಹಿಸಬಹುದು. ಅದಕ್ಕೆ ಯಾರ ಆದೇಶವೂ ಬೇಕಿಲ್ಲ.

ಈ ಟಿಪ್ಪಣಿಯನ್ನು ಓದಿದ ನೀವು ಹಾರಿಕೆಯ ಮೆಚ್ಚುಗೆ ಒತ್ತಿ ಮುಂದೆ ಹೋಗಬೇಡಿ. ಮುಂದಿನ ಭಾನುವಾರ ನಿಮ್ಮೂರಿನ ಕನ್ನಡ ಶಾಲೆಗೆ ಒಂದು ಅಳತೆಪಟ್ಟಿ ತೆಗೆದುಕೊಂಡು ಹೋಗಿ. ಜಗುಲಿಯ ಎತ್ತರ ಎಷ್ಟು, ಇಳಿಜಾರು ಇದ್ದರೆ ಅದರ ಉದ್ದ ಎಷ್ಟು, ಕಂಬಿ ಇದೆಯೇ, ಶೌಚಾಲಯದ ಬಾಗಿಲು ಎಷ್ಟು ಅಗಲ, ತರಗತಿಯಿಂದ ಅದು ಎಷ್ಟು ಹೆಜ್ಜೆ ದೂರ ಎಂಬುದನ್ನು ಬರೆದುಕೊಳ್ಳಿ. ಊರಿನಲ್ಲಿ ಶಾಲೆಗೆ ಬಾರದ ಮಕ್ಕಳು ಎಷ್ಟೆಂಬುದನ್ನೂ ಕೇಳಿ ಬರೆಯಿರಿ, ಹೆಸರುಗಳು ಬೇಡ. ನನಗೆ ಕಳುಹಿಸಿದರೆ ನಾರಾಯಣಪೇಟೆಗೆ ಒಯ್ಯುವ ಮುಂದಿನ ಮನವಿಯಲ್ಲಿ, ಶಿಕ್ಷಕರ ಹುದ್ದೆಗಳ ಬೇಡಿಕೆಯ ಕೆಳಗೇ ಅವನ್ನು ಸೇರಿಸುತ್ತೇನೆ.