ಹೊಗೆ ಒಳಗೆಳೆಯದಿದ್ದರೆ ಸಾಕೆ?

ಅಮೆರಿಕದಲ್ಲಿ 1990ರ ದಶಕದಲ್ಲಿ ಸಿಗಾರ್ ಹವ್ಯಾಸಕ್ಕೆ ಹೊಸ ಹುರುಪು ಬಂತು. ಈ ಹವ್ಯಾಸಿಗಳದೇ ಒಂದು ಲೋಕ. ಕ್ಯೂಬಾದ್ದು ಮೇಲೋ, ಡೊಮಿನಿಕನ್ ಗಣರಾಜ್ಯದ್ದೋ? ತುದಿಯನ್ನು ಕತ್ತರಿಸಬೇಕೋ, ತೂತು ಕೊರೆದರೆ ಸಾಕೋ? ಸಿಗಾರ್ ಕಾಪಿಡುವ ಸೀಡರ್ ಮರದ ಪೆಟ್ಟಿಗೆಯಲ್ಲಿ ತೇವಾಂಶ ಶೇ. 70 ಇರಬೇಕೋ, 65ರಷ್ಟೋ? ಎಳೆಗೂಸನ್ನು ಸಾಕುವಷ್ಟು ಮುತುವರ್ಜಿ! ಇಷ್ಟೆಲ್ಲ ಜಗಳವಾಡುವವರು ಒಂದು ಮಾತನ್ನು ಮಾತ್ರ ಒಟ್ಟಾಗಿ ಹೇಳುತ್ತಾರೆ: ‘ನಾವು ಹೊಗೆಯನ್ನು ಒಳಗೆಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ.’

ನನ್ನ ತಕರಾರು ಇರುವುದು ಇಲ್ಲೇ. ಸಿಗಾರ್ ಹೊಗೆ ಬಹುಮಟ್ಟಿಗೆ ಕ್ಷಾರ ಗುಣದ್ದು. ಹೀಗಾಗಿ ಅದರ ನಿಕೋಟಿನ್ ಶ್ವಾಸಕೋಶದವರೆಗೆ ಹೋಗಬೇಕಿಲ್ಲ, ಬಾಯಿಯ ಒಳಪೊರೆಯಿಂದಲೇ ರಕ್ತ ಸೇರುತ್ತದೆ. ನಮ್ಮಲ್ಲಿ ಎಲೆಅಡಿಕೆಯೊಂದಿಗೆ ಹೊಗೆಸೊಪ್ಪನ್ನು ದವಡೆಯಲ್ಲಿಟ್ಟುಕೊಳ್ಳುವವರೂ ಹೊಗೆ ಎಳೆಯುವುದಿಲ್ಲವಲ್ಲ! ಅಂಥವರ ಬಾಯಿಯ ಬಿಳಿ ಮಚ್ಚೆಗಳನ್ನು ಕಂಡ ಯಾವ ವೈದ್ಯನೂ ಈ ಸಮಾಧಾನವನ್ನು ಒಪ್ಪಲಾರ.

ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಅದು ಉರಿದು ಮುಗಿಯಲು ಗಂಟೆಯಾದರೂ ಹಿಡಿದೀತು. ಸೇದುವವರು ಎಳೆದುಕೊಳ್ಳದಿದ್ದರೇನು, ಪಕ್ಕದಲ್ಲಿರುವ ಹೆಂಡತಿ ಮಕ್ಕಳು ಆ ಹೊಗೆಯನ್ನೇ ಉಸಿರಾಡುತ್ತಿರುತ್ತಾರೆ. ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳಗಳ ಕ್ಯಾನ್ಸರಿಗೆ ಸಿಗಾರ್ ಕಾರಣವೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಹೇಳಿದೆ. ಸ್ವತಃ ವೈದ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ ಅವರಿಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಪತ್ತೆಯಾಯಿತು. 1939ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಆದರೂ ಸಿಗಾರ್ ಬಿಡಲಾಗಲಿಲ್ಲ.

ಸಿಗಾರ್ ಆಗಲಿ, ಬೀಡಿ, ಹೊಗೆಸೊಪ್ಪಾಗಲಿ, ಅಭ್ಯಾಸವಿರುವವರ ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ನೋವಿಲ್ಲವೆಂದು ಕಾಯಬೇಡಿ.