ಬಿಸಿಲು ಹೆಚ್ಚಿದ್ದಕ್ಕೆ ಸೂರ್ಯನನ್ನು ಬೈಯಬೇಡಿ

ಏಪ್ರಿಲ್ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು ಕಡೆಯ ಕಟ್ಟೆಗಳ ಮೇಲೆ ಒಂದೇ ಮಾತು: 'ಸೂರ್ಯ ಭೂಮಿಗೆ ಹತ್ರ ಬಂದಾನ, ಪ್ರಳಯ ದೂರ ಇಲ್ಲ.' ಇದು ತಪ್ಪು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ. ಆಗ ನಾವು ಕಂಬಳಿ ಹೊದ್ದಿರುತ್ತೇವೆ.

ಸೂರ್ಯ ಒಂದು ದಿನ ಸಾಯುವುದು ನಿಜ. ಅವನಿಗೀಗ ಸುಮಾರು 460 ಕೋಟಿ ವರ್ಷ. ಒಡಲಿನ ಹೈಡ್ರೋಜನ್ ತೀರಲು ಇನ್ನೂ ಸುಮಾರು 500 ಕೋಟಿ ವರ್ಷ ಬೇಕು. ಆಮೇಲೆ ಉಬ್ಬಿ, ಕೆಂಪು ದೈತ್ಯನಾಗಿ ಬುಧ, ಶುಕ್ರ ಗ್ರಹಗಳನ್ನು ನುಂಗುತ್ತಾನೆ, ಭೂಮಿಯನ್ನೂ ನುಂಗಬಹುದು. ಅದಕ್ಕೂ ಮೊದಲೇ, ಸುಮಾರು 100 ಕೋಟಿ ವರ್ಷದಲ್ಲಿ, ಅವನ ಪ್ರಖರತೆ ಶೇ 10ರಷ್ಟು ಏರಿ ಸಮುದ್ರಗಳು ಆರತೊಡಗುತ್ತವೆ.

ಈಗ ಲೆಕ್ಕ ಹಾಕಿ. 100 ಕೋಟಿ ವರ್ಷಕ್ಕೆ ಶೇ 10 ಅಂದರೆ, ಅಜ್ಜನ ಕಾಲದಿಂದ ಮೊಮ್ಮಗನ ಕಾಲಕ್ಕೆ ಏರಿದ್ದು ಲೆಕ್ಕಕ್ಕೇ ಸಿಗುವುದಿಲ್ಲ. 1978ರಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ಅಳೆಯುತ್ತಿವೆ. ಅದು 11 ವರ್ಷಕ್ಕೊಮ್ಮೆ ತುಸು ಏರಿಳಿಯುತ್ತದೆ, ಹೆಚ್ಚುತ್ತಾ ಹೋಗಿಲ್ಲ. ಆದರೆ ಸುಮಾರು 150 ವರ್ಷಗಳಲ್ಲಿ ಭೂಮಿಯ ಸರಾಸರಿ ಉಷ್ಣಾಂಶ 1 ಡಿಗ್ರಿಗೂ ಹೆಚ್ಚು ಏರಿದೆ. ಮುಖ್ಯ ಕಾರಣ ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಸುಟ್ಟ ಹೊಗೆ. ಮರ ಕಡಿದ ಊರಿನಲ್ಲಿ ನೆರಳೂ ಇಲ್ಲ.

ತಪ್ಪನ್ನು ಸೂರ್ಯನ ಮೇಲೆ ಹಾಕಿದರೆ ಯಾರೂ ಉತ್ತರ ಕೊಡಬೇಕಿಲ್ಲ. ಅದಕ್ಕೇ ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ: ನೆಟ್ಟ ಸಸಿ ಎಷ್ಟು, ಉಳಿದದ್ದೆಷ್ಟು? ಬೇಸಿಗೆಯಲ್ಲಿ ಉದ್ಯೋಗ ಖಾತ್ರಿ ಕೆಲಸ ನಸುಕಿನಲ್ಲೇ ಶುರುವಾಗಿ ಬಿಸಿಲೇರುವ ಮೊದಲು ಮುಗಿಯುತ್ತದೆಯೇ? ಕೆಲಸದ ಜಾಗದಲ್ಲಿ ನೆರಳು, ನೀರು ಇದೆಯೇ? ಇವಕ್ಕೆ ಉತ್ತರ ಪಂಚಾಯಿತಿಯಲ್ಲೇ ಸಿಗಬೇಕು.