ಮಾರ್ಗಕ್ಕೆ ಜಾಗೆ ಕೊಟ್ಟಾತು, ನೀರಿಂಗೆ?

ಕಳುದ ತಿಂಗಳು ಅಪ್ಪನ ಮನೆಂದ ತಮ್ಮ° ಫೋನು ಮಾಡಿದ°. "ಅಕ್ಕಾ, ಇಲ್ಲಿಯಾಣ ಮಾರ್ಗವನ್ನೂ ಅಗಲ ಮಾಡ್ತವಡ. ಜಾಗೆ ಬಿಟ್ಟುಕೊಡ್ತೆ ಹೇಳಿ ದಸ್ಕತ್ತು ಹಾಕೆಕ್ಕಡ. ಪೈಸೆ ಎಂತ ಸಿಕ್ಕ. ಹಾಕೆಕ್ಕೊ, ಬೇಡದೊ?"

"ಹಾಕು" ಹೇಳಿದೆ. ರಜ್ಜ ತಡದು, "ಹಾಕುವ ಮದಲು ಒಂದು ಕೆಲಸ ಮಾಡು. ಜೋರು ಮಳೆ ಬಪ್ಪಗ ಕೊಡೆ ಹಿಡ್ಕೊಂಡು ಮಾರ್ಗದ ಕರೆಲಿ ಹೋಗಿ ನಿಲ್ಲು" ಹೇಳಿದೆ. ಅವಂಗೆ ಅರ್ಥ ಆಯಿದಿಲ್ಲೆ. ಎಂತಕೆ ಹಾಂಗೆ ಹೇಳಿದ್ದು ಹೇಳುದರ ಇಲ್ಲಿ ಬರೆತ್ತೆ. ಮಾರ್ಗದ ಕರೆಲಿ ಮನೆ ಇಪ್ಪ ನಿಂಗೊಗೂ ಉಪಕಾರ ಅಕ್ಕು.

ಎಂಗಳದ್ದು ಕಾಸರಗೋಡು ಜಿಲ್ಲೆಯ ಒಳಾಣ ಊರು. ಮನೆ ಎದುರಾಣ ಮಾರ್ಗ ಈಗ ಸ್ಟೇಟ್ ಹೈವೇ 59. ಮಲೆಯಾಳಲ್ಲಿ 'ಮಲಯೋರ ಹೈವೇ' ಹೇಳ್ತವು. ಕರ್ನಾಟಕದ ಗಡಿಲಿಪ್ಪ ನಂದರಪದವಿಲಿ ಸುರುವಾಗಿ, ಬದಿಯಡ್ಕ, ಮುಳ್ಳೇರಿಯ, ಬಂದಡ್ಕ ದಾಂಟಿ, ಚೆರುಪುಳ ಆಗಿ, ಗುಡ್ಡೆ ಸಾಲನ್ನೇ ಹಿಡುದು ತಿರುವನಂತಪುರ ಜಿಲ್ಲೆಯ ಪಾರಶಾಲೆ ವರೆಗೆ ಹೋಪ ಮಾರ್ಗ ಅದು. ಕೇರಳದ 14 ಜಿಲ್ಲೆಲಿ ಆಲಪ್ಪುಳ ಒಂದರ ಬಿಟ್ಟು ಒಳುದ 13 ಜಿಲ್ಲೆಯನ್ನೂ ಮುಟ್ಟುವ ಯೋಜನೆ. ಅಗಲ 12 ಮೀಟರು. ಪೂರ ಹೊಸತ್ತಾಗಿ ಕಡುದ ಮಾರ್ಗ ಅಲ್ಲ. ಹೆಚ್ಚಿನ ದಿಕ್ಕೆ ಮದಲೇ ಇದ್ದ ಊರ ಮಾರ್ಗಂಗಳ ಒಂದಕ್ಕೊಂದು ಜೋಡ್ಸಿ ಅಗಲ ಮಾಡುದು. ಹಾಂಗಾಗಿಯೇ ಅದು ನಮ್ಮ ಜಾಲಿನ ಕರೆಲಿ, ತೋಟದ ತಲೆಲಿ ಹೋಪದು.

ಮಾರ್ಗ ಬೇಡ ಹೇಳುವ ಜೆನ ಆನಲ್ಲ. ಎಂಗಳ ಅತ್ತೆಯ ಕಾಲಲ್ಲಿ ಹೆರಿಗೆಬೇನೆ ಬಂದರೆ ಕುರ್ಶಿಲಿ ಕೂರ್ಸಿ, ನಾಕು ಜೆನ ಹೊತ್ತೊಂಡು, ಜೀಪು ಸಿಕ್ಕುವಲ್ಲಿವರೆಗೆ ಹೋಯೆಕ್ಕಾಗಿತ್ತಡ. ಹೋದ ವರ್ಷ ಮಾವಂಗೆ ನೆಡು ಇರುಳು ಎದೆಬೇನೆ ಬಂದಪ್ಪಗ ಆಂಬುಲೆನ್ಸು ಸೀದಾ ಜಾಲಿಂಗೇ ಬಂತು. ಹೊತ್ತಿಂಗೆ ಸರಿಯಾಗಿ ಮಂಗಳೂರಿಂಗೆ ಎತ್ತಿತ್ತು. ಹತ್ತು ದಿನಲ್ಲಿ ಮಾವ° ನಡಕ್ಕೊಂಡೇ ಮನೆ ಮೆಟ್ಳು ಹತ್ತಿದವು. ಆ ಒಂದು ಇರುಳಿಂಗೇ ಆನು ಈ ಮಾರ್ಗಕ್ಕೆ ಕೈ ಮುಗಿತ್ತೆ.

ಮಾರ್ಗಕ್ಕೆ ಜಾಗೆ ಕೊಟ್ಟದೂ ಮಾವನೇ. ಈ ಹೆದ್ದಾರಿಗೆ ಜಾಗೆಯ ಕ್ರಯ ಹೇಳಿ ಪೈಸೆ ಕೊಡುವ ಕ್ರಮ ಇಲ್ಲೆ, ಕರೆಲಿಪ್ಪವು ಬಿಟ್ಟುಕೊಡೆಕ್ಕು. ಹತ್ತು ಅಡಕ್ಕೆಮರ, ಒಂದು ಹಲಸಿನ ಮರ, ಅಜ್ಜನ ಕಾಲದ ಮುರಕಲ್ಲಿನ ಪಾಗಾರ ಹೋತು. "ಜಾಗೆಯ ತಲೆಲಿ ಹೊತ್ತೊಂಡು ಹೋಪಲಿದ್ದೋ?" ಹೇಳಿಕ್ಕಿ ಮಾವ° ದಸ್ಕತ್ತು ಹಾಕಿದವು. ಎಂಗೊ ಒಂದು ಪಟ್ಟಿಯೂ ಮಾಡಿತ್ತಿದ್ದೆಯೊ°: ಪಾಗಾರ ಪುನಾ ಕಟ್ಟಿ ಕೊಡೆಕ್ಕು, ಗೇಟಿನ ಹತ್ರೆ ಕಾರು ಇಳಿವಲೆ ಸರಿ ಮಾಡೆಕ್ಕು, ದನ ಹೋಪ ದಾರಿ ಒಳಿಶೆಕ್ಕು. ಆ ಪಟ್ಟಿಲಿ ನೀರಿನ ಸುದ್ದಿ ಒಂದು ಗೆರೆಯೂ ಇತ್ತಿಲ್ಲೆ. ತಪ್ಪು ಎಂಗಳದ್ದೇ.

ಗುಡ್ಡೆಂದ ಇಳಿವ ನೀರು ಮದಲು ಮಾರ್ಗದ ಅಡಿಯಾಣ ಮೂರು ಸಣ್ಣ ಮೋರಿಲಿ ಹಂಚಿ ಹೋಗಿಯೊಂಡಿತ್ತು. ಅಗಲ ಮಾಡುವಗ ಎರಡು ಮುಚ್ಚಿ ಹೋತು, ಒಂದು ದೊಡ್ಡ ಮೋರಿ ಆತು. ದೊಡ್ಡದಾತನ್ನೆ ಹೇಳಿ ಎಂಗೊಗೂ ಕೊಶಿ. ಆದರೆ ಅದರ ಬಾಯಿ ಸೀದಾ ಎಂಗಳ ತೋಟಕ್ಕೆ! ಸುರುವಾಣ ಮಳೆಗಾಲಲ್ಲೇ, ಬೇಸಗೆಲಿ ಹಾಕಿದ ಗೊಬ್ಬರ, ಹೊಸ ಮಣ್ಣು ಎಲ್ಲ ತೊಳದು ಹೋತು. ಅಡಕ್ಕೆಮರದ ಬೇರು ಹೆರ ಕಂಡತ್ತು. ನೀರು ಎಂಗಳಲ್ಲಿಗೆ ನಿಂದಿದಿಲ್ಲೆ, ಕೆಳಾಣ ಮನೆಯ ಅಕ್ಕನ ಬಾವಿಗೆ ಕೆಂಪು ನೀರು ಇಳುದತ್ತು. ಅದು ಎರಡು ತಿಂಗಳು ನಮ್ಮಲ್ಲಿಂದ ಕುಡಿವ ನೀರು ಹೊತ್ತತ್ತು. ಒಂದು ಮಾತು ಬೈದಿದಿಲ್ಲೆ. ಬೈದಿದ್ದರೆ ಎನಗೆ ಅಷ್ಟು ಬೇಜಾರ ಆವುತಿತಿಲ್ಲೆ.

ಇಷ್ಟು ನೀರು ಎಲ್ಲಿಂದ ಬಂತು ಹೇಳಿ ಮಗಳತ್ರೆ ಲೆಕ್ಕ ಹಾಕ್ಸಿದೆ. ಒಂದು ಕಿಲೋಮೀಟರು ಉದ್ದ, 12 ಮೀಟರು ಅಗಲ ಹೇಳಿರೆ 12,000 ಚದರ ಮೀಟರು. ಒಂದು ದಿನ 100 ಮಿ.ಮೀ. ಮಳೆ ಬಂದರೆ ಅದರ ಮೇಲೆ ಬೀಳುದು 12 ಲಕ್ಷ ಲೀಟರು. ಮನೆ ಮೇಲೆ ಮಡಗುವ ಸಾವಿರ ಲೀಟರಿನ ಟ್ಯಾಂಕಿ 1,200! ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬಪ್ಪ ಜಿಲ್ಲೆ ನಮ್ಮದು. ಒಂದು ದಿನಕ್ಕೆ 100 ಮಿ.ಮೀ. ಹೇಳುದು ಇಲ್ಲಿ ಅಪರೂಪ ಅಲ್ಲ. ಮಣ್ಣಾದರೆ ರಜ್ಜ ಕುಡಿಗು, ಡಾಮರು ಒಂದು ಹನಿಯನ್ನೂ ಕುಡಿಯ. ಮಾರ್ಗ ಅಗಲ ಆದಷ್ಟೂ ಕರೆಯಾಣ ಮನೆಗೆ ನೀರು ಹೆಚ್ಚು.

ಇನ್ನೊಂದು ಸಂಗತಿ ಇದ್ದು. ನಮ್ಮ ಹೊಡೆಲಿ ಹಲವು ಮನೆಗೆ ಸುರಂಗದ ನೀರೇ ಆಧಾರ. ಗುಡ್ಡೆಯ ಮುರಕಲ್ಲಿನ ಅಡ್ಡಕ್ಕೆ ಕೊರದು, ಒಳ ಒರವ ನೀರಿನ ಹೆರ ತಪ್ಪ ಉಪಾಯ ಅದು. ಮಳೆಗಾಲಲ್ಲಿ ಗುಡ್ಡೆ ಕುಡುದರೆ ಮಾಂತ್ರ ಬೇಸಗೆಲಿ ಸುರಂಗ ಕೊಡುಗಷ್ಟೆ. ಇಂದು ತೋಟ ಕೊಚ್ಚಿ ತೋಡಿಂಗೆ ಓಡುವ ನೀರು ಬೇರೆ ಅಲ್ಲ, ಶಿವರಾತ್ರಿ ಕಳುದ ಮತ್ತೆ ನವಗೆ ಬೇಕಪ್ಪ ನೀರು ಬೇರೆ ಅಲ್ಲ.

"ಇಂಜಿನಿಯರಕ್ಕೊಗೆ ಇದೆಲ್ಲ ಗೊಂತಿಲ್ಲೆಯೋ?" ಕೇಳುವಿ ನಿಂಗೊ. ಅವು ಅಳವಲೆ ಬಂದದು ಬೇಸಗೆಲಿ. ಅಂಬಗ ಕಣಿಲಿ ಇಪ್ಪದು ದರಗು ಮಾಂತ್ರ. ಹೆರಾಣವಕ್ಕೆ ಅದು ಕಣಿ ಹೇಳಿಯೇ ಗೊಂತಾಗ. ಮತ್ತೆ ಒಬ್ಬನತ್ರೆ ಕೇಳಿದೆ. "ಮದಲೇ ಹೇಳ್ತಿದ್ದರೆ ಮೋರಿಯ ಇಪ್ಪತ್ತು ಅಡಿ ಆಚಿಗೆ ಮಾಡ್ಲಾವುತಿತು" ಹೇಳಿದ°. ಕೋಪಲ್ಲಿ ಹೇಳಿದ್ದಲ್ಲ, ಇದ್ದ ಸತ್ಯ ಹೇಳಿದ್ದು.

ಹಾಂಗಾಗಿ ದಸ್ಕತ್ತು ಹಾಕುವ ಮದಲು ಮೂರು ಕೆಲಸ ಮಾಡಿ ಹೇಳಿ ಎನ್ನ ಮಾತು. ಒಂದು, ಮಳೆಲಿ ನಿಂದು ಕಣಿ, ಮೋರಿ, ತೋಡು ಎಲ್ಲೆಲ್ಲಿ ಇದ್ದು ಹೇಳಿ ನೋಡಿ. ಮೊಬೈಲಿಲಿ ತೆಗದು, ಕಾಗದಲ್ಲಿ ಬರದು, ಜಾಗೆಯ ಕಾಗದದ ಒಟ್ಟಿಂಗೇ ಕೊಡಿ. ಎರಡು, ಹೊಸ ಮೋರಿಯ ಬಾಯಿ ಎಲ್ಲಿ ಬತ್ತು, ಅಲ್ಲಿಂದ ತೋಡಿನವರೆಗೆ ಕಣಿ ಆರು ಕಟ್ತವು ಹೇಳಿ ಕೇಳಿ. ಮೋರಿ ಸರ್ಕಾರದ್ದು, ಅದರಿಂದ ಹೆರಟ ನೀರು ನಮ್ಮದು ಹೇಳಿ ಅಪ್ಪಲಾಗ. ಮೂರು, ಕೆಳಾಣ ಮನೆಯವರನ್ನೂ ಒಟ್ಟಿಂಗೆ ಕರಕ್ಕೊಂಡು ಹೋಗಿ. ನಮ್ಮ ತೋಟಂದ ತಪ್ಸಿದ ನೀರು ಅವರ ಬಾವಿಗೆ ಬಿದ್ದರೆ ಎಂತ ಗುಣ ಆತು?

ದಾನ ಕೊಡುವಗ ಬಾಯಿ ಬಿಡ್ಲಾಗ ಹೇಳುವವು ನಮ್ಮಲ್ಲಿ ಇದ್ದವು. ಪೈಸೆ ಕೇಳುದು ಬೇರೆ, ನೀರಿನ ದಾರಿ ಕೇಳುದು ಬೇರೆ. ಧರ್ಮಕ್ಕೆ ಜಾಗೆ ಕೊಟ್ಟವರ ಮಾತಿನ, ನಕ್ಷೆ ಮಾಡುವ ಮದಲು, ಒಂದು ಮಳೆಗಾಲ ನಿಂದು ಕೇಳುದು ಸರ್ಕಾರಕ್ಕೂ ನಷ್ಟ ಅಲ್ಲ. ನೀರು ಕೊರದ ಮಾರ್ಗವ ಪುನಾ ಪುನಾ ರಿಪೇರಿ ಮಾಡುದು ಅವರ ಪೈಸೆಲೇ ಅಲ್ಲದೊ?

ಎಂಗೊ ಈ ವರ್ಷ ಕೆಳಾಣ ಮನೆಯವರ ಒಟ್ಟಿಂಗೆ ಸೇರಿ, ಕೈಂದಲೇ ಪೈಸೆ ಹಾಕಿ, ತೋಟದ ಕರೆಲಿ ಕಲ್ಲಿನ ಕಣಿ ಕಟ್ಟಿದೆಯೊ°. ಗುಡ್ಡೆಲಿ ನಾಕು ಇಂಗುಗುಂಡಿಯೂ ತೆಗದಾತು. ಅಕ್ಕನ ಬಾವಿ ಈ ಸರ್ತಿ ತಿಳಿಯಾಗಿ ಇದ್ದು.

ಮೊನ್ನೆ ಆಟಿಯ ಜಡಿಮಳೆಲಿ ತಮ್ಮ° ಪುನಾ ಫೋನು ಮಾಡಿದ°. ಮಳೆ ಶಬ್ದಲ್ಲಿ ಅವನ ಸ್ವರವೇ ಕೇಳಿಯೊಂಡಿತ್ತಿಲ್ಲೆ. "ಅಕ್ಕಾ, ಐದು ಕಣಿ ಇದ್ದು! ಹುಟ್ಟಿದಲ್ಲಿಂದ ಇಲ್ಲೇ ಇಪ್ಪ ಎನಗೆ ಎರಡು ಮಾಂತ್ರ ಗೊಂತಿದ್ದತ್ತು."

"ಐದನ್ನೂ ಬರದು ಕೊಡು, ಮತ್ತೆ ದಸ್ಕತ್ತು ಹಾಕು" ಹೇಳಿದೆ.